ಚಿತ್ರದ ಬೆನ್ನು ಓದಿದ ತಿಮ್ಮರಾಯಪ್ಪ

ನನ್ನ ತಂದೆ ಚಕ್ರಪಾಣಿಯವರು ಒಬ್ಬ ಚಿತ್ರಗಾರನ ಬಗ್ಗೆ ಹನ್ನೊಂದು ವರ್ಷ ಕೂತು ಪುಸ್ತಕ ಬರೆದರು. ಅದು ಅಚ್ಚಿಗೆ ಹೋಗುವ ಮೊದಲೇ, ಜಯನಗರದಲ್ಲಿ ಪಟಗಳಿಗೆ ಕಟ್ಟು ಹಾಕುತ್ತಿದ್ದ ತಿಮ್ಮರಾಯಪ್ಪ ಎಂಬುವರು ಅದರ ಮುಖ್ಯ ಅಧ್ಯಾಯವೇ ತಪ್ಪೆಂದು ತೋರಿಸಿಕೊಟ್ಟರು. ಇದು ಸಾವಿರದ ಒಂಬೈನೂರ ಅರವತ್ತೆರಡರ ಮಾತು. ಆಗ ನನಗೆ ಹತ್ತೊಂಬತ್ತು. ನಡೆದದ್ದನ್ನೆಲ್ಲ ಹತ್ತಿರದಿಂದ ನೋಡಿದವಳು ನಾನಾದ್ದರಿಂದ, ಆ ಮನುಷ್ಯನ ಕತೆಯನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ತಿಮ್ಮರಾಯಪ್ಪನವರದು ಜರಗನಹಳ್ಳಿ. ಅವರ ತಂದೆ ಬೋರಣ್ಣನವರಿಗೆ ಕನಕಪುರ ರಸ್ತೆಯ ಪಕ್ಕದಲ್ಲಿ ರಾಗಿ ಹೊಲ, ಒಂದಿಷ್ಟು ಅವರೆ, ಒಂದು ಬಾವಿ ಇತ್ತು. ಇಬ್ಬರು ಗಂಡುಮಕ್ಕಳಲ್ಲಿ ದೊಡ್ಡವರಿಗೆ ನೇಗಿಲು ಒಲಿಯಿತು. ಚಿಕ್ಕವರ ಕೈ ಮಾತ್ರ ಮೊದಲಿಂದಲೂ ಉಳಿ, ಗರಗಸದ ಕಡೆಗೇ ಹೋಗುತ್ತಿತ್ತು. ಅಲ್ಲಾಡುವ ಮಣೆ ಕಂಡರೆ ಸುಮ್ಮನೆ ಕೂರುವ ಜಾಯಮಾನವಲ್ಲ. ಬೋರಣ್ಣ ಅವರನ್ನು ಚಿಕ್ಕಪೇಟೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುತ್ತಿದ್ದ ಜಯದೇವಪ್ಪನವರ ಬಳಿ ಕೆಲಸ ಕಲಿಯಲು ಬಿಟ್ಟರು. ತಿಮ್ಮರಾಯಪ್ಪ ಅಲ್ಲಿ ಹದಿನೆಂಟು ವರ್ಷ ದುಡಿದರು.

ಜಯದೇವಪ್ಪನವರು ಹೆಚ್ಚು ಮಾತಿನವರಲ್ಲ. ಆದರೆ ಒಂದು ಮಾತನ್ನು ಆಗಾಗ ಹೇಳುತ್ತಿದ್ದರಂತೆ: ಪಟದ ಮುಂದುಗಡೆ ನೋಡೋಕೆ ಊರೇ ಇದೆ, ಹಿಂದುಗಡೆ ನೋಡೋನು ಕಟ್ಟು ಹಾಕೋನೊಬ್ಬನೇ. ಹಳೆಯ ಪಟ ರಿಪೇರಿಗೆ ಬಂದರೆ ಮೊದಲು ಹಿಂದಿನ ಹಲಗೆ ಬಿಚ್ಚಬೇಕು, ಹುಳ ತಿಂದ ಕಾಗದ ಕೀಳಬೇಕು, ಧೂಳು ಒರೆಸಬೇಕು. ಆಗ ಅಲ್ಲಿ ಏನೇನೋ ಸಿಗುತ್ತಿತ್ತು. ಯಾರದೋ ಮದುವೆಯ ತಾರೀಕು, ಮಕ್ಕಳು ಬರೆದ ಮಗ್ಗಿ, ಕಾಶಿಯಿಂದ ಯಾರು ಹೊತ್ತು ತಂದರೆಂಬ ಒಕ್ಕಣೆ, ಒಮ್ಮೆ ಮಡಿಸಿಟ್ಟ ಪ್ರೇಮಪತ್ರ. ಉಳಿದವರು ಅದನ್ನೆಲ್ಲ ಗುಡಿಸಿ ಬಿಸಾಡುತ್ತಿದ್ದರು. ತಿಮ್ಮರಾಯಪ್ಪನವರಿಗೆ ಮನಸ್ಸು ಬರಲಿಲ್ಲ. ಉದ್ದ ಗೆರೆಯ ಪುಸ್ತಕವೊಂದನ್ನು ಕೊಂಡು, ಯಾವ ಪಟ, ಯಾರ ಮನೆಯದು, ಬೆನ್ನಲ್ಲಿ ಏನಿತ್ತು ಎಂದು ಕಂಡದ್ದನ್ನು ಕಂಡ ಹಾಗೆ ನಕಲು ಮಾಡತೊಡಗಿದರು. ಅಕ್ಷರ ಓದಲಾಗದ ಕಡೆ ಅದರ ಆಕಾರವನ್ನೇ ಬಿಡಿಸಿಡುತ್ತಿದ್ದರು.

ಐವತ್ಮೂರರಲ್ಲಿ ಅವರು ಜಯನಗರದ ಎರಡನೇ ಬ್ಲಾಕಿನಲ್ಲಿ ಸ್ವಂತ ಅಂಗಡಿ ಇಟ್ಟರು. ಆಗ ಬಡಾವಣೆ ಹೊಸದು. ಒಂದು ಮನೆ, ನಾಲ್ಕು ಖಾಲಿ ಸೈಟು, ಮತ್ತೊಂದು ಮನೆ ಎಂಬಂತಿತ್ತು. ಬಸವನಗುಡಿ, ಚಾಮರಾಜಪೇಟೆಯ ತುಂಬು ಮನೆಗಳಿಂದ ಪಾಲಾಗಿ ಬಂದವರು ಇಲ್ಲಿ ಗೃಹಪ್ರವೇಶ ಮಾಡುತ್ತಿದ್ದರು. ಅವರ ಜೊತೆಗೆ ಅಟ್ಟದಲ್ಲಿ ಹೊಗೆ ಹಿಡಿದು ಕೂತಿದ್ದ ದೇವರ ಪಟಗಳೂ ಇಳಿದು ಬರುತ್ತಿದ್ದವು. ತಿಮ್ಮರಾಯಪ್ಪ ದಿನವೂ ಜರಗನಹಳ್ಳಿಯಿಂದ ಸೈಕಲ್ಲಿನಲ್ಲಿ, ಬನಶಂಕರಿ ಗುಡಿಗೆ ಕೈಮುಗಿದು ಅಂಗಡಿಗೆ ಬರುತ್ತಿದ್ದರು. ಅವರ ಹೆಂಡತಿ ನಾರಾಯಣಮ್ಮನವರು ಮನೆಯಲ್ಲೇ ಮೈದಾ ಕುದಿಸಿ, ಹುಳ ಬಾರದಂತೆ ಮೈಲುತುತ್ತ ಬೆರೆಸಿ, ಅಂಟು ಮಾಡಿ ಕಳಿಸುತ್ತಿದ್ದರು. ಗಂಡನ ಆ ಉದ್ದ ಪುಸ್ತಕಗಳ ಬಗ್ಗೆ ನಾರಾಯಣಮ್ಮನವರಿಗೆ ಸ್ವಲ್ಪ ತಮಾಷೆಯೇ. ಊರವರ ಹಿತ್ತಲು ನೋಡೋ ಚಟ ಎನ್ನುತ್ತಿದ್ದರು. ಆದರೆ ಮಳೆ ಬಂದರೆ ಮೊದಲು ಆ ಪುಸ್ತಕಗಳನ್ನೇ ಎತ್ತಿ ಅಟ್ಟದ ಮೇಲಿಡುತ್ತಿದ್ದವರೂ ಅವರೇ.

ಐವತ್ತಾರರಲ್ಲಿ ಅಂಗಡಿಗೆ ಒಂದು ರಾಜರಾಜೇಶ್ವರಿಯ ಪಟ ಬಂತು. ಚಿನ್ನದ ರೇಕು ಹಚ್ಚಿ ಮೈಸೂರು ಸಂಪ್ರದಾಯದಲ್ಲಿ ಬರೆದದ್ದು. ಕೆಳಗೆ ಸಣ್ಣ ಚಿನ್ನದಕ್ಷರದಲ್ಲಿ ಗಂಗಾಧರಯ್ಯ ಎಂದಿತ್ತು. ಬೆಂಗಳೂರಿನ ಹಳೆಯ ಮನೆತನಗಳಲ್ಲಿ ಆ ಹೆಸರಿಗೆ ದೊಡ್ಡ ಗೌರವ. ಗಂಗಾಧರಯ್ಯನವರ ಪಟ ಮನೆಯಲ್ಲಿದ್ದರೆ ಬಂದವರಿಗೆಲ್ಲ ತೋರಿಸುತ್ತಿದ್ದರು. ತಿಮ್ಮರಾಯಪ್ಪ ಹಳೆಯ ಚೌಕಟ್ಟು ಬಿಚ್ಚಿದಾಗ, ಅದರಡಿ ಮುಚ್ಚಿಹೋಗಿದ್ದ ಅಂಚಿನಲ್ಲಿ, ಚಿನ್ನದ ರೇಕು ಕೂರಿಸಲು ಹಚ್ಚುವ ಬಿಳಿ ಲೇಪದಲ್ಲಿ ಬಿಲ್ಲಿನಂಥ ಸಣ್ಣ ಸಣ್ಣ ಗೀರುಗಳು ಕಂಡವು. ಒಂದರ ಪಕ್ಕ ಒಂದು, ಒಂದೇ ಅಳತೆಯವು. ಲೇಪ ಹಸಿಯಿದ್ದಾಗ ಏನೋ ತಾಗಿ ಎದ್ದ ಗೆರೆಗಳು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ಊಟದ ಡಬ್ಬಿ ತಂದಿದ್ದ ನಾರಾಯಣಮ್ಮನವರು ಪಕ್ಕದಲ್ಲಿ ನಿಂತು ಇಣುಕಿ, ಅಂಟು ಕಲಸುವಾಗ ತಮ್ಮ ಮಡಕೆಯ ಅಂಚಿಗೂ ಹೀಗೇ ಆಗುತ್ತದೆಂದರು. ಅದು ಬಳೆಯ ಗೀರು.

ಹಿಂದಿನ ಬಟ್ಟೆ ಬಿಡಿಸಿದಾಗ ಕೆಳಗಿನ ಕಾಗದದಲ್ಲಿ ಕುಂಚದಿಂದ ಬರೆದ ಎರಡು ಸಾಲು ಇತ್ತು. "ಈವತ್ತು ಜಡಿಮಳೆ. ಲೇಪ ಒಣಗಲಿಲ್ಲ."

ಅಲ್ಲಿಂದ ಮುಂದಿನ ಆರು ವರ್ಷದಲ್ಲಿ ಗಂಗಾಧರಯ್ಯನವರ ಪಟ ಇನ್ನೂ ನಾಲ್ಕು ಬಂದವು. ಎರಡರ ಬೆನ್ನು ಖಾಲಿ. ಇನ್ನೆರಡರಲ್ಲಿ ಅದೇ ಬಳೆಯ ಗೀರು, ಅದೇ ಕೈಬರಹ. ಒಂದರಲ್ಲಿ ಹೀಗಿತ್ತು: "ಗೌರೀಶಂಕರ ಅಂಟಿನ ಮಡಕೆ ಒಡೆದ. ಹೊಡೆಯಲಿಲ್ಲ." ತಿಮ್ಮರಾಯಪ್ಪ ಇದನ್ನೆಲ್ಲ ಪುಸ್ತಕಕ್ಕೆ ಹತ್ತಿಸಿದರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೇಳುವವರೂ ಇರಲಿಲ್ಲ.

ನನ್ನ ತಂದೆ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಅವರು ಬರೆಯುತ್ತಿದ್ದದ್ದು ಇದೇ ಗಂಗಾಧರಯ್ಯನವರ ಮೇಲೆ. ಚಿತ್ರಗಾರ ತೀರಿಕೊಂಡು ಅರವತ್ತೆರಡಕ್ಕೆ ಐವತ್ತು ವರ್ಷವಾಗುತ್ತಿತ್ತು. ಅದರ ನೆನಪಿಗೆ ನಮ್ಮ ಬಡಾವಣೆಯ ವಾಚನಾಲಯದ ಸಭಾಂಗಣದಲ್ಲಿ ಪ್ರದರ್ಶನ ಏರ್ಪಡಿಸಿ, ಅಲ್ಲೇ ಪುಸ್ತಕದ ಸಂಗತಿ ಹೇಳಬೇಕೆಂದು ತಂದೆ ಮನೆಮನೆ ತಿರುಗಿ ಇಪ್ಪತ್ತೆರಡು ಪಟ ಒಟ್ಟು ಮಾಡಿದರು. ಚಿತ್ರಗಾರನ ಕೊನೆಯ ಹದಿನಾಲ್ಕು ವರ್ಷವೇ ಶ್ರೇಷ್ಠ ಎಂಬುದು ಅವರ ಸಿದ್ಧಾಂತ. ಮೊದಲ ಪಟಗಳಲ್ಲಿ ದೇವಿಯರ ಕಣ್ಣು ನೋಡುವವರನ್ನೇ ದಿಟ್ಟಿಸುತ್ತದೆ. ಕೊನೆಯವುಗಳಲ್ಲಿ ಕಣ್ಣು ಅರ್ಧ ಮುಚ್ಚಿ ಕೆಳಗಿಳಿದಿರುತ್ತದೆ. ಕಲಾವಿದನ ಭಕ್ತಿ ಮಾಗಿ ಅಂತರ್ಮುಖವಾದುದರ ಗುರುತು ಅದು ಎಂದು ತಂದೆ ಎಪ್ಪತ್ತು ಪುಟ ಬರೆದಿದ್ದರು.

ಇಪ್ಪತ್ತೆರಡು ಪಟಗಳೂ ಜನವರಿಯಲ್ಲಿ ತಿಮ್ಮರಾಯಪ್ಪನವರ ಅಂಗಡಿಗೆ ಹೋದವು. ಹುಳ ತಿಂದ ಹಳೆಯ ಬೆನ್ನುಗಳನ್ನು ಕಿತ್ತು ಹೊಸ ಪ್ಲೈವುಡ್ ಹಾಕಬೇಕೆಂಬುದು ತಂದೆಯ ಅಪ್ಪಣೆ. ಮೂರು ವಾರದ ಮೇಲೆ ಒಂದು ಭಾನುವಾರ ತಿಮ್ಮರಾಯಪ್ಪ ನಮ್ಮ ಮನೆಗೆ ಬಂದರು. ಬಿಳಿ ಪಂಚೆ, ತುಂಬು ತೋಳಿನ ಅಂಗಿ, ಕಂಕುಳಲ್ಲಿ ಉದ್ದ ಪುಸ್ತಕ. ಜಗಲಿಯ ಬೆಂಚಿನ ತುದಿಯಲ್ಲಿ ಕೂತು, ಕಾಫಿ ಮುಗಿಸಿ, ಲೋಟ ಕೆಳಗಿಟ್ಟು ಮಾತು ತೆಗೆದರು.

"ಸ್ವಾಮಿ, ಈ ಪಟಗಳಲ್ಲಿ ಹದಿನೈದು ಒಬ್ಬ ಹೆಣ್ಣುಮಗಳ ಕೈಯಿಂದ ಬಂದಿರೋವು," ಎಂದರು.

ತಂದೆ ನಕ್ಕರು. ತಿಮ್ಮರಾಯಪ್ಪ ನಗಲಿಲ್ಲ. ಪುಸ್ತಕ ಬಿಚ್ಚಿ ಒಂದೊಂದೇ ಹಾಳೆ ತಿರುವಿದರು. ಬಳೆಯ ಗೀರಿನ ಅಳತೆ, ಅಂಟಿನಲ್ಲಿ ಒಣಗಿ ಉಳಿದ ಹೆಬ್ಬೆರಳಿನ ಗುರುತು, ಅದು ಗಂಡಸಿನ ಬೆರಳಿಗಿಂತ ಎಷ್ಟು ಸಣ್ಣದು, ಎಲ್ಲ ಅಲ್ಲಿತ್ತು. ಕೊನೆಗೆ ಒಂದು ಮಹಾಲಕ್ಷ್ಮಿ ಪಟದ ಬೆನ್ನಿನ ನಕಲನ್ನು ತಂದೆಯ ಮುಂದೆ ಹಿಡಿದರು. ಬಾಗಿಲ ಬಳಿ ನಿಂತಿದ್ದ ನನಗೂ ಅದು ಓದಲು ಸಿಕ್ಕಿತು.

"ಅಪ್ಪನಿಗೆ ಎರಡು ಕಣ್ಣೂ ಹೋದವು. ಈ ಸಲ ಮುಖವನ್ನೂ ನಾನೇ ಬರೆದೆ. ಅಪ್ಪ ಬೆರಳಲ್ಲಿ ಮುಟ್ಟಿ ನೋಡಿ ಸರಿ ಎಂದರು."

ತಂದೆ ಓದಿ ಪುಸ್ತಕವನ್ನು ಅವರ ಕಡೆಗೇ ತಳ್ಳಿದರು. ಆಮೇಲೆ, ಅಧ್ಯಾಪಕರು ಹುಡುಗರಿಗೆ ಹೇಳುವ ಧಾಟಿಯಲ್ಲಿ, ಕಲೆಯನ್ನು ಮುಖದಿಂದ ಅಳೆಯುತ್ತಾರೆ, ಬೆನ್ನಿನಿಂದಲ್ಲ ಎಂದು ವಿವರಿಸಿದರು. ಮನೆಯ ಹೆಂಗಸರು ಲೇಪ ಅರೆಯುವುದು, ಅಂಟು ಕಾಯಿಸುವುದು ಇದ್ದದ್ದೇ. ಯಾವಳೋ ಒಬ್ಬಳು ಬೇಸರಕ್ಕೆ ಏನೋ ಗೀಚಿದ್ದಾಳೆ. ಅರಮನೆಯವರೆಗೆ ಹೆಸರಾದ ಕಲಾವಿದ ಕುರುಡನಾಗಿದ್ದರೆ ಊರಿಗೆ ಗೊತ್ತಾಗುತ್ತಿರಲಿಲ್ಲವೇ? ಹಳೆಯ ಕಾಗದ ಕಿತ್ತು ಪ್ಲೈವುಡ್ ಹೊಡೆದುಬಿಡಿ ಎಂದರು.

ತಿಮ್ಮರಾಯಪ್ಪ ಎದ್ದು ನಿಂತರು. "ಹೊಡೆಯೋದಿಲ್ಲ ಸ್ವಾಮಿ. ಬೇರೆಯವರನ್ನ ನೋಡ್ಕೊಳ್ಳಿ," ಎಂದರು. ದನಿ ಏರಿಸಲಿಲ್ಲ. ಪಂಚೆ ಸರಿಮಾಡಿಕೊಂಡು ಮೆಟ್ಟಿಲಿಳಿದು ಸೈಕಲ್ ಹತ್ತಿದರು.

ಆ ದಿನ ತಂದೆಗೆ ಬಹಳ ಸಿಟ್ಟು. ಆದರೆ ಇನ್ನೊಬ್ಬರಿಗೆ ಪಟ ಕೊಡಲೂ ಇಲ್ಲ. ಅಷ್ಟು ಅಚ್ಚುಕಟ್ಟಾಗಿ ಚಿನ್ನದ ರೇಕಿನ ಪಟ ಮುಟ್ಟುವವರು ಆಗ ಈ ಕಡೆ ಬೇರೆ ಯಾರೂ ಇರಲಿಲ್ಲ.

ತಿಮ್ಮರಾಯಪ್ಪನವರಿಗೆ ಒಂದೇ ಯೋಚನೆ. ಬರೆದವಳ ಹೆಸರು ಎಲ್ಲೂ ಇಲ್ಲ. ಇದ್ದ ಹೆಸರು ಒಂದೇ, ಮಡಕೆ ಒಡೆದ ಮಗುವಿನದು. ಗೌರೀಶಂಕರ. ಆ ಮಗು ಬದುಕಿದ್ದರೆ ಈಗ ಅರವತ್ತರ ಹತ್ತಿರ. ಪೇಟೆಯ ಹಳೆಯ ಬೀದಿಗಳಲ್ಲಿ ಎರಡು ಸಲ ವಿಚಾರಿಸಿ ಬಂದರು. ಗಂಗಾಧರಯ್ಯನವರ ಮನೆ ಇದ್ದ ಜಾಗದಲ್ಲಿ ಬಟ್ಟೆ ಗೋದಾಮು ಎದ್ದಿತ್ತು. ಮನೆಯವರು ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯದು.

ಆ ಫೆಬ್ರವರಿಯಲ್ಲಿ ಚುನಾವಣೆ. ಮತದಾರರ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದ್ದರು. ಅಂಗಡಿಯ ಪಕ್ಕದ ಮನೆಯವರು ತಮ್ಮ ಹೆಸರು ಬಂದಿದೆಯೇ ನೋಡಿ ಬನ್ನಿ ಎಂದು ತಿಮ್ಮರಾಯಪ್ಪನವರನ್ನು ಕಳಿಸಿದರು. ಅವರು ಮೂರನೇ ಬ್ಲಾಕಿನ ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯುತ್ತಿದ್ದಾಗ ಒಂದು ಸಾಲಿನಲ್ಲಿ ಬೆರಳು ನಿಂತಿತು. ಗೌರೀಶಂಕರ, ವಯಸ್ಸು ಐವತ್ತೆಂಟು. ಅದೇ ಮನೆ ನಂಬರಿನಲ್ಲಿ, ಅದರ ಕೆಳಗೆ: ಸರ್ವಮಂಗಳಾ, ವಯಸ್ಸು ಎಂಬತ್ತು. ಅಂಗಡಿಯಿಂದ ಆ ಮನೆಗೆ ಹತ್ತು ನಿಮಿಷದ ದಾರಿ.

ಮುಂದಿನದನ್ನು ತಿಮ್ಮರಾಯಪ್ಪನವರೇ ನನಗೆ ಹಲವು ಸಲ ಹೇಳಿದ್ದಾರೆ. ಅವರು ಹೋದಾಗ ಹಿತ್ತಲ ಬಿಸಿಲಿನಲ್ಲಿ ಒಬ್ಬ ಮುದುಕಿ ಮೊರದ ತುಂಬ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಸಣ್ಣ ಆಳು, ನೆಟ್ಟಗಿನ ಬೆನ್ನು, ಕೈಯಲ್ಲಿ ಸವೆದ ಎರಡು ಬೆಳ್ಳಿಬಳೆ. ಮಗ ಗೌರೀಶಂಕರ ರೈಲ್ವೆಯಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರೇ ಹಿತ್ತಲಿಗೆ ಕರೆದು ಕೂರಿಸಿದರು. ತಿಮ್ಮರಾಯಪ್ಪ ತಾವು ಪಟಗಳಿಗೆ ಕಟ್ಟು ಹಾಕುವವರೆಂದು ಹೇಳಿಕೊಂಡು, ಹೇಗೆ ಕೇಳುವುದೆಂದು ತೋಚದೆ ಮಗನ ಕಡೆ ತಿರುಗಿ, ನೀವು ಚಿಕ್ಕವರಿದ್ದಾಗ ಅಂಟಿನ ಮಡಕೆ ಒಡೆದಿದ್ದಿರಾ ಎಂದರು. ಮಗನಿಗೆ ಏನೂ ತಿಳಿಯಲಿಲ್ಲ. ಮುದುಕಿಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು.

"ಅದು ನನಗೊಬ್ಬಳಿಗೇ ಗೊತ್ತಿರೋದು," ಎಂದರು. "ನಿಮಗೆ ಹೆಂಗ್ ಗೊತ್ತಾಯ್ತು?"

"ನೀವು ಬರೆದಿದ್ದನ್ನ ಓದ್ದೆ, ತಾಯಿ."

ಸರ್ವಮಂಗಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ, ಎಲ್ಲ ಹೇಳಿದರು. ತಮಗೆ ಹದಿನಾರು ವರ್ಷವಾದಾಗ ಅಪ್ಪನ ಕಣ್ಣಿಗೆ ಪೊರೆ ಬಂತು. ಚಿಕ್ಕಂದಿನಿಂದ ಲೇಪ ಅರೆದು, ಅಳಿಲು ಕೂದಲಿನ ಕುಂಚ ಕಟ್ಟಿ, ಒಡವೆಗಳ ಕುಸುರಿ ಮಾಡಿ ಮಗಳಿಗೆ ಕೈ ಪಳಗಿತ್ತು. ಮೊದಲು ಸೀರೆ ಬರೆದರು, ಆಮೇಲೆ ಕೈಕಾಲು, ಅಪ್ಪನಿಗೆ ಏನೂ ಕಾಣದಾದಾಗ ಮುಖ. ಮದುವೆಯಾದ ಮೇಲೂ ಗಂಡ ಅದೇ ಬೀದಿಯ ಶಾಲೆಯಲ್ಲಿ ಮೇಷ್ಟರಾದ್ದರಿಂದ ಕೆಲಸ ನಿಲ್ಲಲಿಲ್ಲ. ಹೆಂಗಸು ಬರೆದ ದೇವರನ್ನು ಆಗಿನ ಜನ ಪೂಜೆಗೆ ಇಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೇ ಮುಂದೆ ಅಪ್ಪನ ಹೆಸರು. ಅದನ್ನು ಬರೆಯುತ್ತಿದ್ದದ್ದೂ ಮಗಳೇ. ಆದರೆ ಅಪ್ಪನಿಗೆ ಅದು ಸೇರುತ್ತಿರಲಿಲ್ಲ. ನನ್ನ ಹೆಸರು ಮುಂದಿರಲಿ, ಹಿಂದುಗಡೆ ನಿನಗೆ ತೋಚಿದ್ದು ಬರಿ, ದೇವರು ಎರಡು ಕಡೆಯಿಂದಲೂ ನೋಡ್ತಾನೆ ಎಂದು ಅವರೇ ಹೇಳಿದ್ದರು. ಸಾವಿರದ ಒಂಬೈನೂರ ಹನ್ನೆರಡರಲ್ಲಿ ಅಪ್ಪ ತೀರಿಕೊಂಡರು. ಮಗಳ ಹೆಸರಲ್ಲಿ ಪಟ ಬರೆಸಿಕೊಳ್ಳಲು ಯಾರೂ ಬರಲಿಲ್ಲ. ಕುಂಚಗಳನ್ನು ತೊಳೆದಿಟ್ಟು ಐವತ್ತು ವರ್ಷವಾಗಿತ್ತು.

ತಿಮ್ಮರಾಯಪ್ಪ ಆ ಸಂಜೆಯೇ ಮತ್ತೆ ನಮ್ಮ ಮನೆಗೆ ಬಂದರು. ತಂದೆ ಈ ಸಲ ನಗಲಿಲ್ಲ, ಆದರೆ ನಂಬಲೂ ಇಲ್ಲ. ನೀವು ಬೆನ್ನು ಓದಿದವರು, ಆಕೆಯ ಮನೆಗೆ ಹೋಗಿ ಬಂದವರು, ಆಕೆ ಈಗ ಏನು ಹೇಳಿದರೂ ಅದಕ್ಕೆ ಬೆಲೆ ಎಲ್ಲಿ ಎಂದು ಕೇಳಿದರು. ಮಾತು ಕಟುವಾಗಿತ್ತು, ಆದರೆ ನ್ಯಾಯವಾಗಿಯೂ ಇತ್ತು. ತಿಮ್ಮರಾಯಪ್ಪ ಒಂದು ಕ್ಷಣ ಯೋಚಿಸಿ, ಹಾಗಾದರೆ ನಾನು ಬಿಚ್ಚದ ಪಟ ಒಂದನ್ನು ತರಿಸಿ ಎಂದರು.

ನಂಜನಗೂಡಿನ ಒಂದು ಮನೆಯಲ್ಲಿ ಗಂಗಾಧರಯ್ಯನವರ ಪಾರ್ವತಿಯ ಪಟವಿತ್ತು. ಅದು ಆ ಮನೆಗೆ ಬಂದಾಗಿನಿಂದ ಗೋಡೆ ಬಿಟ್ಟು ಇಳಿದದ್ದಿಲ್ಲ. ತಂದೆ ಕಾಗದ ಬರೆದು, ಪ್ರದರ್ಶನದ ದಿನ ಬೆಳಿಗ್ಗೆ ನೇರವಾಗಿ ಸಭಾಂಗಣಕ್ಕೇ ಅದು ಬರುವಂತೆ ಏರ್ಪಾಡು ಮಾಡಿದರು.

ಅಷ್ಟರಲ್ಲಿ ತಿಮ್ಮರಾಯಪ್ಪ ಇಪ್ಪತ್ತೆರಡು ಪಟಗಳಿಗೂ ಹೊಸ ಬಗೆಯ ಕಟ್ಟು ಹಾಕಿದರು. ಮುಂದೆ ಒಂದು ಗಾಜು, ಹಿಂದೆ ಒಂದು ಗಾಜು. ಗೋಡೆಗೆ ಮೊಳೆ ಹೊಡೆಯದೆ, ತೊಲೆಯಿಂದ ತಂತಿ ಇಳಿಸಿ ಸಭಾಂಗಣದ ನಡುವೆ ತೂಗುಬಿಟ್ಟರು. ತಂದೆ ಬೇಡವೆನ್ನಬೇಕೆಂದಿದ್ದರು. ಆದರೆ ಮೊದಲ ಪಟ ತೂಗಿ ನಿಂತಾಗ ಅದರ ಸುತ್ತ ಒಂದು ಸುತ್ತು ಬಂದು, ಹಾಗೇ ಮನೆಗೆ ಹೋದರು. ಚಿತ್ರಗಳ ಕೆಳಗಿಡುವ ಚೀಟಿ ಬರೆಯುವ ಕೆಲಸ ನನ್ನದು. ತಂದೆ ಹೇಳಿದಂತೆ ಇಪ್ಪತ್ತೆರಡು ಚೀಟಿಯಲ್ಲೂ ಗಂಗಾಧರಯ್ಯ ಎಂದೇ ಬರೆದೆ.

ಜುಲೈ ತಿಂಗಳ ಒಂದು ಭಾನುವಾರ. ಸಭಾಂಗಣ ತುಂಬಿತ್ತು. ಪಟ ಕೊಟ್ಟ ಮನೆಯವರು, ಕಾಲೇಜಿನವರು, ಬಡಾವಣೆಯ ಹೆಂಗಸರು, ಜರಗನಹಳ್ಳಿಯಿಂದ ನಾರಾಯಣಮ್ಮನವರ ಜೊತೆ ಬಂದ ನಂಟರು. ಸರ್ವಮಂಗಳಮ್ಮನವರನ್ನು ಮಗ ಕೈಹಿಡಿದು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಇಳಕಲ್ ಸೀರೆ ಉಟ್ಟಿದ್ದರು. ತೂಗುತ್ತಿದ್ದ ಪಟಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಅಳಲಿಲ್ಲ. ದೂರದ ಊರಿಗೆ ಕೊಟ್ಟ ಹೆಣ್ಣುಮಕ್ಕಳನ್ನು ಒಂದೇ ಕಡೆ ಕಂಡ ತಾಯಿಯ ಹಾಗೆ ಎಣಿಸುತ್ತಿದ್ದರು.

ನಂಜನಗೂಡಿನ ಪಾರ್ವತಿಯನ್ನು ಮೇಜಿನ ಮೇಲೆ ಒರಗಿಸಿ ನಿಲ್ಲಿಸಿದರು. ಅದರ ಬೆನ್ನಿನ ಹಲಗೆಗೆ ಹೊಡೆದ ಮೊಳೆಗಳು ತುಕ್ಕು ಹಿಡಿದು ಮರಕ್ಕೇ ಅಂಟಿದ್ದವು. ತಂದೆ ಎದ್ದು, ಸಭೆಗೆ ಎಲ್ಲ ವಿಷಯವನ್ನೂ ಬಚ್ಚಿಡದೆ ಹೇಳಿದರು. ಈಕೆ ಇಂಥ ಪಟಗಳನ್ನು ಬರೆದದ್ದು ತಾವೇ ಎನ್ನುತ್ತಾರೆ, ಹಾಗಿದ್ದರೆ ಇದರ ಬೆನ್ನಲ್ಲಿ ಏನಿದೆ ಎಂದು ಮೊದಲು ಅವರೇ ಹೇಳಲಿ, ಆಮೇಲೆ ಬಿಚ್ಚಿ ನೋಡೋಣ ಎಂದರು.

ಸರ್ವಮಂಗಳಮ್ಮ ಪಟವನ್ನು ಬಹಳ ಹೊತ್ತು ನೋಡಿದರು. ನನ್ನ ಪಕ್ಕದಲ್ಲಿದ್ದ ನಾರಾಯಣಮ್ಮನವರು ನನ್ನ ಕೈ ಹಿಡಿದುಕೊಂಡಿದ್ದರು.

"ಇದು ಪ್ಲೇಗ್ ಎರಡನೇ ಸಲ ಬಂದಾಗಿಂದು," ಎಂದರು ಮುದುಕಿ. "ಪೇಟೆ ಬಿಟ್ಟು ಹೊರಗಡೆ ಗುಡಿಸಲು ಹಾಕ್ಕೊಂಡಿದ್ವಿ. ಚಿನ್ನದ ರೇಕು ಗಾಳಿಗೆ ಹಾರಿ ಕತ್ತಾಳೆ ಬೇಲಿಗೆ ಹತ್ತಿತು. ಬಿಡಿಸಿ ತಂದು ಹಚ್ಚಿದೆ. ಎಡಗಡೆ ತೋಳುಬಂದಿಲಿ ಸುಕ್ಕಿದೆ, ನೋಡಿ. ಹಿಂದುಗಡೆ ಅದನ್ನೇ ಬರೆದಿದ್ದೀನಿ."

ಕಾಲೇಜಿನವರೊಬ್ಬರು ಬಗ್ಗಿ ನೋಡಿ, ತೋಳುಬಂದಿಯ ಚಿನ್ನ ಸುಕ್ಕಿರುವುದು ನಿಜ ಎಂದರು. ತಿಮ್ಮರಾಯಪ್ಪ ಮೇಜಿನ ಮೇಲೆ ಕಂಬಳಿ ಹಾಸಿ ಪಟವನ್ನು ಮಗುಚಿದರು. ಇಕ್ಕಳದಿಂದ ಒಂದೊಂದೇ ಮೊಳೆ ಎಳೆದರು. ಹಲಗೆ ತೆಗೆದರು. ಕೆಳಗಿದ್ದ ಬಟ್ಟೆಯ ಮೂಲೆಗೆ ಒದ್ದೆ ಅರಿವೆ ಒತ್ತಿ, ಅಂಟು ಸಡಿಲವಾಗುವವರೆಗೆ ಕಾದು, ಮೆಲ್ಲಗೆ ಎತ್ತಿದರು. ಕೆಳಗೆ ಬರಿಯ ಕಂದು ಕಾಗದ. ಒಂದಕ್ಷರವೂ ಇರಲಿಲ್ಲ.

ಸಭೆಯಲ್ಲಿ ಗುಜುಗುಜು ಎದ್ದಿತು. ತಂದೆ ಕನ್ನಡಕ ತೆಗೆದು ಒರೆಸಿದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ತಿಮ್ಮರಾಯಪ್ಪನವರ ಕೈ ಪಟದ ಮೇಲೆ ಹಾಗೇ ನಿಂತಿತ್ತು. ಆಗ ಸರ್ವಮಂಗಳಮ್ಮ ಕುರ್ಚಿಯಿಂದಲೇ ಹೇಳಿದರು.

"ಗುಡಿಸಲಲ್ಲಿ ತೇವ ಜಾಸ್ತಿ ಅಂತ ಎರಡು ಪದರ ಹಾಕಿದ್ದೆ. ಇನ್ನೊಂದು ತೆಗೀರಿ."

ತಿಮ್ಮರಾಯಪ್ಪ ಬಾಗಿ ಕಾಗದದ ಅಂಚಿಗೆ ಉಗುರು ತಾಗಿಸಿ ನೋಡಿದರು. ಪದರ ಎರಡಿತ್ತು. ಮತ್ತೆ ಒದ್ದೆ ಅರಿವೆ, ಮತ್ತೆ ಕಾಯುವುದು. ಕಂದು ಕಾಗದ ಒಂದೇ ಹಾಳೆಯಾಗಿ, ಎಲ್ಲೂ ಹರಿಯದೆ ಎದ್ದು ಬಂತು. ಅದನ್ನು ಅವರು ತಾವು ಮೊದಲು ಓದಲಿಲ್ಲ. ಪಟವನ್ನು ಎತ್ತಿ ತಂದೆಯ ಕಡೆಗೆ ತಿರುಗಿಸಿದರು. ತಂದೆ ಗಟ್ಟಿಯಾಗಿ ಓದಿದರು.

"ಚಿನ್ನ ಹಾರಿತು. ಕತ್ತಾಳೆ ಬೇಲಿಯಿಂದ ಬಿಡಿಸಿಕೊಂಡು ಬಂದೆ. ಊರಲ್ಲಿ ಯಾರೂ ಇಲ್ಲ. ಅಮ್ಮನವರು ಚೆನ್ನಾಗಿ ಬಂದಿದ್ದಾರೆ."

ಮೊದಲು ಎದ್ದು ನಿಂತವರು ನಾರಾಯಣಮ್ಮ. ಆಮೇಲೆ ಸಭೆಯೆಲ್ಲ ಎದ್ದಿತು. ಚಪ್ಪಾಳೆ ಎಷ್ಟು ಹೊತ್ತು ನಡೆಯಿತೋ ನೆನಪಿಲ್ಲ. ಗೌರೀಶಂಕರ ಅವರು ಮುಖ ಮುಚ್ಚಿಕೊಂಡು ಅಳುತ್ತಿದ್ದರು. ತಾಯಿ ಅವರ ಬೆನ್ನು ಸವರುತ್ತಿದ್ದರು.

ಚಪ್ಪಾಳೆ ನಿಂತ ಮೇಲೆ ತಂದೆ ಆಕೆಯ ಹತ್ತಿರ ಹೋಗಿ, ಹನ್ನೊಂದು ವರ್ಷದಿಂದ ತಮ್ಮನ್ನು ಕಾಡಿದ ಪ್ರಶ್ನೆ ಕೇಳಿದರು. ದೇವಿಯರ ಕಣ್ಣು ಯಾಕೆ ಕೆಳಗಿಳಿದಿದೆ? ಆಕೆ ಅದೇನು ದೊಡ್ಡ ಮಾತೆಂಬಂತೆ ನೋಡಿದರು.

"ನನ್ನ ಮುಖವನ್ನೇ ಕನ್ನಡೀಲಿ ನೋಡ್ಕೊಂಡು ಬರೀತಿದ್ದೆ. ಚಿಕ್ಕವಳಿದ್ದಾಗ ತಂಗಿ, ಆಮೇಲೆ ಈ ಮಗ, ಮಡಿಲಲ್ಲಿ ಯಾವಾಗ್ಲೂ ಒಂದು ಮಗು ಮಲಗಿರ್ತಿತ್ತು. ಕಣ್ಣು ಅದರ ಮೇಲೇ ಇರ್ತಿತ್ತು. ಹಂಗೇ ಬಂತು."

ತಂದೆ ನಕ್ಕರು. ತಮ್ಮ ಎಪ್ಪತ್ತು ಪುಟ ನೆನೆದು ನಕ್ಕದ್ದು, ಆದರೆ ಸಂತೋಷದ ನಗು. ಆಮೇಲೆ ಆಕೆಯನ್ನು ಕೈಹಿಡಿದು ಒಂದೊಂದು ಪಟದ ಬಳಿಗೂ ಕರೆದೊಯ್ದರು. ಹಿಂದೆ ತಿಮ್ಮರಾಯಪ್ಪ, ಅವರ ಹಿಂದೆ ಮಸಿಕುಡಿಕೆ ಹಿಡಿದು ನಾನು. ತಿಮ್ಮರಾಯಪ್ಪ ಲೆಕ್ಕ ಹಾಕಿದ್ದು ಹದಿನೈದು. ಒಂದು ಸರಸ್ವತಿಯ ಮುಂದೆ ಸರ್ವಮಂಗಳಮ್ಮ ತಲೆಯಾಡಿಸಿ, ಇದರ ಬೆನ್ನು ನಂದು, ಮುಖ ಅಪ್ಪನದು, ಕಣ್ಣು ಪೂರ್ತಿ ಹೋಗೋ ಮುಂಚೆ ಅಪ್ಪ ಬರೆದ ಕೊನೇ ಮುಖ, ಎಷ್ಟು ಚೆನ್ನಾಗಿದೆ ನೋಡಿ ಎಂದರು. ತಿಮ್ಮರಾಯಪ್ಪ ಆ ಜಾಗದಲ್ಲೇ ಪುಸ್ತಕ ತೆಗೆದು ತಮ್ಮ ತಪ್ಪನ್ನು ತಿದ್ದಿಕೊಂಡರು. ನಾನು ನೆಲದ ಮೇಲೆ ಕೂತು ಹದಿನಾಲ್ಕು ಚೀಟಿಗಳನ್ನು, ಪಾರ್ವತಿಯದು ಸೇರಿ ಹದಿನೈದನ್ನು, ಹೊಸದಾಗಿ ಬರೆದೆ. "ಸರ್ವಮಂಗಳಾ, ಗಂಗಾಧರಯ್ಯನವರ ಮಗಳು." ಮೊದಲನೆಯದನ್ನು ಆಕೆಯ ಕೈಗೆ ಕೊಟ್ಟಾಗ, ಅಕ್ಷರ ದುಂಡಗಿದೆ ಎಂದು ನನ್ನನ್ನೇ ಹೊಗಳಿದರು.

ಮೂರು ದಿನಕ್ಕೆಂದಿದ್ದ ಪ್ರದರ್ಶನ ಹತ್ತು ದಿನ ನಡೆಯಿತು. ಮಲ್ಲೇಶ್ವರದಿಂದ, ದಂಡು ಪ್ರದೇಶದಿಂದ ಬಸ್ಸು ಹಿಡಿದು ಜನ ಬಂದರು. ಬಂದವರು ಮೊದಲು ಪಟದ ಹಿಂದಕ್ಕೆ ಹೋಗಿ ಓದಿ, ಆಮೇಲೆ ಮುಂದೆ ಬಂದು ನೋಡುತ್ತಿದ್ದರು. ಸರ್ವಮಂಗಳಮ್ಮ ದಿನವೂ ಸಂಜೆ ಬಂದು ಒಂದು ತಾಸು ಕೂರುತ್ತಿದ್ದರು. ಅವರ ಬಳಿ ಕಲಿಯಲು ಬಡಾವಣೆಯ ಏಳು ಹೆಣ್ಣುಮಕ್ಕಳು ಸೇರಿದರು. ಎಂಬತ್ತಾರನೇ ವಯಸ್ಸಿನವರೆಗೂ ಅವರು ಹಿತ್ತಲಲ್ಲಿ ಪಾಠ ಹೇಳಿದರು. ಕೈ ನಡುಗುತ್ತಿತ್ತು, ಆದರೆ ಯಾರ ಗೆರೆ ಎಲ್ಲಿ ದಪ್ಪವಾಯಿತೆಂದು ದೂರದಿಂದಲೇ ಹೇಳುತ್ತಿದ್ದರು.

ತಂದೆ ಪುಸ್ತಕವನ್ನು ಮೊದಲಿನಿಂದ ಬರೆದರು. ಅದಕ್ಕೆ ಇನ್ನೂ ಮೂರು ವರ್ಷ ಹಿಡಿಯಿತು. ರಕ್ಷಾಪುಟದಲ್ಲಿ ತಮ್ಮ ಹೆಸರಿನ ಪಕ್ಕ ತಿಮ್ಮರಾಯಪ್ಪನವರ ಹೆಸರೂ ಇರಬೇಕೆಂದು ಹಟ ಹಿಡಿದರು. ತಿಮ್ಮರಾಯಪ್ಪ ಬೇಡವೆಂದರು. ನಾರಾಯಣಮ್ಮನವರು, ಹೆಸರು ಹಿಂದೆ ಬಚ್ಚಿಡೋದು ತಪ್ಪು ಅಂತ ಊರಿಗೆಲ್ಲ ಹೇಳಿ ನೀವೇ ಹಿಂಗಂದ್ರೆ ಹೆಂಗೆ ಎಂದ ಮೇಲೆ ಒಪ್ಪಿಕೊಂಡರು. ಅವರ ಅಂಗಡಿಯಲ್ಲಿ 'ಹಳೆಯ ಬೆನ್ನು ಬಿಸಾಡುವುದಿಲ್ಲ' ಎಂಬ ಬೋರ್ಡು ಬಂತು. ಆ ಉದ್ದ ಪುಸ್ತಕಗಳಿಂದ ಇನ್ನೂ ಮೂವರು ಹೆಂಗಸರ ಹೆಸರು ಹೊರಬಿದ್ದವು. ತುಮಕೂರು ಕಡೆಯ ಒಬ್ಬರು, ಶ್ರೀರಂಗಪಟ್ಟಣದ ಅತ್ತೆ ಸೊಸೆ ಇಬ್ಬರು.

ಅರವತ್ತಾರರ ಚಳಿಗಾಲದಲ್ಲಿ ಮೈಸೂರಿನ ಒಂದು ಕಾಲೇಜಿನವರು ಮಾತಾಡಲು ಕರೆದರು. ಕರೆದದ್ದು ತಂದೆಯನ್ನಲ್ಲ, ತಿಮ್ಮರಾಯಪ್ಪನವರನ್ನು. ನಾರಾಯಣಮ್ಮನವರ ಒತ್ತಾಯಕ್ಕೆ ಹೊಸ ಕೋಟು ಹೊಲಿಸಿಕೊಂಡು ಹೋದರು. ತಂದೆ, ನಾರಾಯಣಮ್ಮನವರು, ನಾನು ಮೂವರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಭಾಷಣದ ಕಾಗದ ಇರಲಿಲ್ಲ. ಒಂದು ಹಳೆಯ ಪಟ, ಒಂದು ಇಕ್ಕಳ, ಒಂದು ಒದ್ದೆ ಅರಿವೆ ಇಟ್ಟುಕೊಂಡು ಒಂದೂವರೆ ಗಂಟೆ ಮಾತಾಡಿದರು. ಯಾವ ಅಂಟು ಯಾವ ಕಾಲದ್ದು, ಹಸಿ ಲೇಪದ ಮೇಲೆ ಯಾರ ಕೈ ಹೇಗೆ ಬೀಳುತ್ತದೆ, ಹುಳ ಎಲ್ಲಿಂದ ತಿನ್ನಲು ಶುರುಮಾಡುತ್ತದೆ ಎಂದು ತೋರಿಸುತ್ತಿದ್ದಾಗ ಪ್ರಾಧ್ಯಾಪಕರು ಬರೆದುಕೊಳ್ಳುತ್ತಿದ್ದರು. ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಸೀರೆಯಲ್ಲಿ ಸುತ್ತಿದ್ದ ಪಟವೊಂದನ್ನು ತಂದು, ಇದು ನಮ್ಮಜ್ಜಿಯದು, ಬಿಚ್ಚಿ ನೋಡ್ತೀರಾ ಎಂದಳು. ಅವಳ ಹಿಂದೆ ಇನ್ನೂ ನಾಲ್ವರು ನಿಂತಿದ್ದರು. ತಿಮ್ಮರಾಯಪ್ಪ ಕೋಟು ಕಳಚಿ ಕುರ್ಚಿಗೆ ಹಾಕಿ, ತೋಳು ಮಡಿಸಿದರು.

ಸಂಜೆಯ ರೈಲಿಗೆ ಹತ್ತಿದಾಗ ಅವರ ಬೆರಳುಗಳಿಗೆಲ್ಲ ಹಳೆಯ ಅಂಟು ಮೆತ್ತಿತ್ತು. ಮದ್ದೂರಿನಲ್ಲಿ ತಂದೆ ಕೆಳಗಿಳಿದು ವಡೆ ತಂದರು. ಐದು ಪಟದಲ್ಲಿ ಎರಡರ ಬೆನ್ನಲ್ಲಿ ಬರಹ ಸಿಕ್ಕಿದೆ, ಬರುವ ತಿಂಗಳು ಮತ್ತೆ ಬರಬೇಕಂತೆ ಎಂದು ತಿಮ್ಮರಾಯಪ್ಪ ಹೇಳಿದರು. ನಾರಾಯಣಮ್ಮನವರು ವಡೆಯನ್ನು ಮುರಿದು ಅವರ ಬಾಯಿಗಿಟ್ಟು, ಬರೋಣ, ಆದರೆ ಅಂಟು ನಮ್ಮನೆಯಿಂದಲೇ ತರೋಣ, ಮೈಸೂರಿನವರದು ನೀರು ನೀರು ಎಂದರು.